ಹದಿನೇಳನೇ ಫ್ಲಾಸ್ಕು

ಹದಿನೇಳನೇ ಫ್ಲಾಸ್ಕು ಬಿಳಚಿಕೊಂಡ ದಿನ
ಎಕ್ಕೂರಿನ ಲ್ಯಾಬಿನಲ್ಲಿ ಕರೆಂಟಿತ್ತು,
ಟ್ಯೂಬ್‌ಲೈಟು ಉರಿಯುತ್ತಿತ್ತು,
ಗಾಳಿಯ ಪೈಪು ಗುಳುಗುಳು ಎನ್ನುತ್ತಲೇ ಇತ್ತು.
ಉಳ್ಳಾಲದ ಕಡಲನ್ನು ಮೂರು ಸಲ ಸೋಸಿ
ಕುದಿಸಿ ತಣಿಸಿದ್ದೆ.
ನೈಟ್ರೇಟು, ಫಾಸ್ಫೇಟು, ಚಿಟಿಕೆ ಕಬ್ಬಿಣ.
ವಿಟಮಿನ್ನಿನ ಸೀಸೆ ಮುಗಿದಿತ್ತು, ಇರಲಿ ಅಂದುಕೊಂಡೆ,
ಇಷ್ಟು ದಿನ ಅದಿಲ್ಲದೆಯೇ ಬೆಳೆದಿತ್ತಲ್ಲ ಈ ಪಾಚಿ.

ಅದನ್ನು ಒಂಟಿ ಮಾಡಲು ಹದಿನಾಲ್ಕು ವಾರ ಹಿಡಿದಿತ್ತು.
ಒಂದೊಂದು ಕೋಶದ ಸುತ್ತ ಎಷ್ಟೊಂದು ಬ್ಯಾಕ್ಟೀರಿಯಾ!
ಧಕ್ಕೆಗೆ ಬೋಟು ತಾಗಿದೊಡನೆ ಮುತ್ತುವವರ ಹಾಗೆ
ತಳ್ಳಾಡುತ್ತ, ಜಾರುತ್ತ,
ಸೋರಿದ್ದನ್ನು ಹೆಕ್ಕುತ್ತ.
ಕಳ್ಳರು, ಅಂದುಕೊಂಡೆ.
ಆಂಟಿಬಯೊಟಿಕ್ ಹಾಕಿದೆ, ಮತ್ತೆ ಹಾಕಿದೆ,
ಅಗರ್ ತಟ್ಟೆಯ ಮೇಲೆ ಏನೂ ಮೂಡದ ಬೆಳಿಗ್ಗೆ
ಎಲ್ಲರಿಗೂ ಗೋಳಿಬಜೆ ತರಿಸಿದೆ,
ಲೇಬಲ್ಲಿನ ಮೇಲೆ ಬರೆದೆ: ಶುದ್ಧ.

ಎಂಟು ದಿನ ಹಸಿರು.
ಆಮೇಲೆ ಹಳದಿ.
ಆಮೇಲೆ ಗಂಜಿತಿಳಿ.

ಬಾಟಲಿ ತೊಳೆಯುವ ಅಪೊಲಿನ್ ಬಾಯಿ
ಬೆಳಕಿಗೆ ಹಿಡಿದು ನೋಡಿದರು:
‘ಸನ್ನಕ್ಕೆ ಅರೆದು, ಕಳ್ಳು ಹಾಕ್ಲಿಕ್ಕೆ ಮರ್ತ ಹಾಗೆ ಆಗಿದೆ ಮಾರಾಯ್ತಿ.
ಬೆಳಗಾದ್ರೂ ಬರೀ ಅಕ್ಕಿ.’

ಸಿಟ್ಟು ಬಂತು. ಉತ್ತರ ಕೊಡಲಿಲ್ಲ.
ಸಿಂಕಿನ ಮೂಲೆಯಲ್ಲಿ,
ತಿಂಗಳಿಂದ ತೊಳೆಯದೆ ಉಳಿದ ಹಳೇ ಫ್ಲಾಸ್ಕೊಂದು,
ಹತ್ತಿಯ ಬಿರಡೆ ಜಾರಿತ್ತು, ಒಳಗೊಂದು ಸೊಳ್ಳೆ ಸತ್ತಿತ್ತು,
ಗಾಳಿಯಿಲ್ಲ, ಗೊಬ್ಬರವಿಲ್ಲ,
ಕೆಸುವಿನೆಲೆಯಷ್ಟು ಹಸಿರು.

ರಾತ್ರಿ ಪುಸ್ತಕ ತೆಗೆದೆ. ನಾನೇ ಗೆರೆ ಎಳೆದು ಮರೆತ ಸಾಲು:
ಬಿ ಹನ್ನೆರಡು, ಈ ಪಾಚಿ ತಾನಾಗಿ ಮಾಡಿಕೊಳ್ಳಲಾರದು.
ದೊಡ್ಡಮ್ಮನಿಗೆ ತಿಂಗಳಿಗೊಮ್ಮೆ ಚುಚ್ಚುವ
ಆ ಕೆಂಪು ಮದ್ದು, ಅದೇ.
ಕಳ್ಳರು ಅದನ್ನು ಮಾಡುತ್ತಿದ್ದರು,
ಸೋರಿದ್ದನ್ನು ತಿಂದು, ಅಲ್ಲೇ,
ಮೈಗೆ ಅಂಟಿಕೊಂಡು.

ಸೀಸೆ ತರಿಸಬಹುದಿತ್ತು.
ತರಿಸಲಿಲ್ಲ.
ಬೆಳಿಗ್ಗೆ ಯಾರೂ ಬರುವ ಮೊದಲೇ
ಸೊಳ್ಳೆಯನ್ನು ಬದಿಗೆ ಸರಿಸಿ ಒಂದು ಹನಿ ಎತ್ತಿದೆ,
ಹದಿನೇಳಕ್ಕೆ ಬಿಟ್ಟೆ.
‘ಶುದ್ಧ’ವನ್ನು ಹೊಡೆದು ಹಾಕಿದೆ.
ಯಾರು ಯಾರೆಂದು ಬರೆಯುವುದು?
ಪಾಚಿಯ ಹೆಸರಿಗೇ ಜಾಗ ಮುಗಿದಿತ್ತು,
ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದೆಯೂ
ಮನೆಯಲ್ಲಿ ಉಂಡು ದುಡಿಯುವವರು ಇರುತ್ತಾರಲ್ಲ.
ಅಂಚಿನಲ್ಲಿ, ಸಣ್ಣಕ್ಕೆ,
‘ಮತ್ತು’ ಎಂದಷ್ಟೇ ಬರೆದೆ.

ಇವತ್ತು ಆರನೇ ದಿನ.
ಕಿಟಕಿಗೆ ಹಿಡಿದರೆ ಬುಡದಲ್ಲಿ,
ಇದೆಯೋ ಇಲ್ಲವೋ ಎನ್ನುವಷ್ಟು,
ಬಣ್ಣ.