ಐದು ಬೆರಳಿನಷ್ಟು ಕತ್ತಲೆ

ಮೊದಲ ಹದಿನಾಲ್ಕು ಸಲ ಅದು ಮುರಿದೇ ಹೋಯಿತು.
ಚಿಮುಟದಲ್ಲಿ ಎತ್ತಿದರೆ ತುಂಡು,
ಬೆರಳಲ್ಲಿ ಎತ್ತಿದರೆ ಪುಡಿ.
ಅಟೆಂಡರ್ ಮೊಯ್ದು ತಟ್ಟೆಯೊಳಗೆ ಇಣುಕಿ
"ನೋಂಬು ಬಿಡುವಾಗ ಉಮ್ಮ ಮಾಡುವ ಚೈನಾ ಗ್ರಾಸ್
ಇದಕ್ಕಿಂತ ಗಟ್ಟಿ ಮೇಡಂ" ಎಂದ.
ನಗಲಿಲ್ಲ ನಾನು. ಸಿಂಕಿಗೆ ಸುರಿದೆ.
ಪೊನ್ನಂಪೇಟೆಯ ಚರಂಡಿಗಳಿಗೆ ಆ ವರ್ಷ
ನನ್ನಷ್ಟು ಸೋಲು ಕುಡಿಸಿದವರು ಬೇರಿಲ್ಲ.

ಬೆಳಕು ಮಾತ್ರ ಮೊದಲೇ ಸಿಕ್ಕಿತ್ತು.
ಅಮ್ಮನ ಬಾಟಲಿಯಿಂದ ಎರಡು ಚಮಚ ಕಾಚಂಪುಳಿ,
ಹಂದಿಮಾಂಸವನ್ನು ಕಪ್ಪಾಗಿಸುವ,
ಹಲ್ಲು ಜುಮ್ಮೆನಿಸುವ ಹುಳಿ,
ಉಕ್ಕಿನ ಡಬ್ಬಿಯಲ್ಲಿ ಬಿಗಿದು
ನೂರಾ ಎಂಬತ್ತು ಡಿಗ್ರಿಯಲ್ಲಿ ಒಂದು ಹಗಲು.
ತೆರೆದಾಗ ತೆಳ್ಳನೆ ಡಿಕಾಕ್ಷನ್ನಿನಂಥ ನೀರು.
ಗೋಣಿಕೊಪ್ಪದ ಅಣ್ಣನ ಅಂಗಡಿಯಿಂದ ಮೊಯ್ದು
ಖೋಟಾ ನೋಟು ಹಿಡಿಯುವ ದೀಪ ತಂದ.
ಹಚ್ಚಿದ.
ಅಷ್ಟು ಕರಿಯ ಹುಳಿಯೊಳಗೆ
ಅಷ್ಟೊಂದು ನೀಲಿ ಎಲ್ಲಿ ಕೂತಿತ್ತೋ!
"ಅಸಲಿ" ಎಂದ ಮೊಯ್ದು, ನೋಟು ನೋಡಿದವನ ಹಾಗೆ.

ಹೊಳೆಯುವುದಕ್ಕೆ ಒಂದು ಹಗಲು ಸಾಕಾಯಿತು.
ತಾಳುವುದಕ್ಕೆ ಎರಡು ವರ್ಷ.
ಕೊನೆಗೆ ಹೆಣೆದದ್ದು ಒಂದರೊಳಗೊಂದು ಎರಡು ಬಲೆ:
ಬಿಗಿಯಾದದ್ದು ಮೊದಲು ಹರಿಯಲಿಕ್ಕೆ,
ಸಡಿಲಾದದ್ದು ಆಮೇಲೆ ಹಿಡಿಯಲಿಕ್ಕೆ.
ಎಳೆದರೆ ಒಳಗೆಲ್ಲೋ ಸಾವಿರ ಗಂಟು ಕಿತ್ತು
ಎಳೆತದ ಸಿಟ್ಟೆಲ್ಲ ಅಲ್ಲೇ ಖರ್ಚಾಗಿ
ಪಟ್ಟಿ ಉದ್ದವಾಗುತ್ತದೆ, ತುಂಡಾಗುವುದಿಲ್ಲ.
ನೂರಕ್ಕೆ ಎಂಬತ್ತು ಪಾಲು ಬರೀ ನೀರು.
ಹೆಬ್ಬೆರಳಗಲದ ಆ ನೀರಿಗೆ
ಐದು ಕಿಲೋ ಬಟ್ಟು ನೇತುಹಾಕಿ ಊಟಕ್ಕೆ ಹೋದೆವು.
ಬಂದಾಗಲೂ ನೇತಾಡುತ್ತಿತ್ತು.
ಮೊಯ್ದು ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ.

ಉಪಯೋಗವೇನು ಎಂಬ ಕಾಲಮ್ಮಿನಲ್ಲಿ ಬರೆದೆ:
ಸುಟ್ಟ ಗಾಯಕ್ಕೆ ತಂಪು ಹೊದಿಕೆ,
ಕೀವಾದರೆ ಬಣ್ಣ ಬದಲಿಸಿ ಹೇಳುವಂಥದ್ದು.
ಗುಡ್ಡದ ಬಿರುಕಿಗೆ ಅಡ್ಡ ಅಂಟಿಸಿದರೆ
ಮಣ್ಣು ಕೂದಲೆಳೆ ಸರಿದರೂ ತೋರಿಸುವಂಥದ್ದು.
(ಇಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಈ ಸಾಲಿನಲ್ಲಿ, ನಮ್ಮ ಕಡೆ, ಯಾರ ಪೆನ್ನಾದರೂ ನಿಲ್ಲುತ್ತದೆ.)
ನೀರಿನಲ್ಲಿ ತಾಮ್ರವಿದ್ದರೆ ಆರಿಹೋಗುವಂಥದ್ದು.
ಅದನ್ನು ಕೊನೆಗೆ ಬರೆದೆ, ಜಾಗ ಉಳಿದಿತ್ತು ಅಂತ.

ಮೇ ತಿಂಗಳು. ತೋಟದಲ್ಲಿ ಬೋರ್ಡೋ ಹೊಡೆಯುವ ಕಾಲ.
ಮೈಲುತುತ್ತು, ಸುಣ್ಣ, ಡ್ರಮ್ಮು, ಗಿಡದ ಸಾಲಲ್ಲಿ ಹರಿದಾಡುವ ಪೈಪು.
ಮೋರಿಯ ಕೆಳಗೆ, ಲೈನ್ ಮನೆಯ ಹೆಂಗಸರು
ಕೊಡ ಮುಳುಗಿಸುವ ತೋಡಿನಲ್ಲಿ ಕಟ್ಟಲೆಂದು
ಎರಡು ಪಟ್ಟಿ ಒಯ್ದಿದ್ದೆ. ನಾನು ಕಲ್ಲು ಹುಡುಕುವಾಗ
ಎರಡು ಕೈಯಲ್ಲಿ ಎರಡನ್ನೂ ಹಿಡಿದು ನಿಂತವನು ಚುಬ್ರ,
ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಸ್ಪ್ರೇ ಹೊಡೆಯುವವನು.
ಮಬ್ಬಾಗಿತ್ತು. ಪರೀಕ್ಷೆಗೆಂದು ದೀಪ ಹಚ್ಚಿದೆ.

ಇನ್ನೂ ನೀರಿಗಿಳಿಯದ ಪಟ್ಟಿಗಳ ಮೇಲೆ
ಐದೈದು ಬೆರಳು, ಕಪ್ಪಗೆ.

ಚುಬ್ರ ಬಗ್ಗಿ ನೋಡಿದ. ಬೆರಳುಗಳನ್ನು ಒಂದೊಂದಾಗಿ
ಆ ಕಪ್ಪಿನ ಮೇಲೆ ಮತ್ತೆ ಕೂರಿಸಿ ಅಳೆದ.
"ನನ್ನದೇ" ಎಂದ,
ಕೂಲಿ ಪುಸ್ತಕದಲ್ಲಿ ಹೆಬ್ಬೆಟ್ಟು ಗುರುತಿಸುವವನ ಹಾಗೆ.
"ತೊಳೆದರೆ ಹೋಗುತ್ತದಾ ಅಕ್ಕ?"
ಹೋಗುತ್ತದೆ ಎಂದೆ, ವಿಜ್ಞಾನದ ಹುರುಪಿನಲ್ಲಿ.
ನಿಜವೇ. ಒಂದನ್ನು ಲ್ಯಾಬಿನ ಉಪ್ಪುನೀರಲ್ಲಿ ನೆನೆಸಿದೆ,
ಗಂಟೆಯೊಳಗೆ ಬೆಳಕು ಮರಳಿತು, ಬೆರಳಿದ್ದ ಸುಳಿವೂ ಇಲ್ಲ.
ಅವನು ಕೇಳಿದ್ದು ಪಟ್ಟಿಯ ಬಗ್ಗೆ ಅಲ್ಲ ಎಂದು
ಹೊಳೆದದ್ದು ವಾಪಸು ಬಸ್ಸಿನಲ್ಲಿ,
ಕಿಟಕಿಯ ಸರಳು ಹಿಡಿದ ನನ್ನ ಉಗುರು ನೋಡುವಾಗ.

ತೋಡಿನ ನೀರು, ಹೇಳಬೇಕು, ಅಷ್ಟೇನೂ ಕೆಟ್ಟಿರಲಿಲ್ಲ.
ಮಾರನೆಯ ವಾರ ಕಟ್ಟಿದ ಪಟ್ಟಿ ತುಸು ಮಂಕಾಯಿತು, ಅಷ್ಟೆ.
ನೀರು ಪಾಸು. ವರದಿಯಲ್ಲಿ ಹಾಗೇ ಬರೆದೆ.
ಕೈಗೆ ಕಾಲಮ್ಮು ಇರಲಿಲ್ಲ.

"ಕೈಗವಸು ಕೊಟ್ಟಿದ್ದೆ. ಹಾಕುವುದಿಲ್ಲ ಅವರು"
ಎಂದರು ಅಪ್ಪ, ಪೇಪರಿನಿಂದ ಮುಖ ಎತ್ತದೆ.
ಅಮ್ಮ ಬಡಿಸುತ್ತಿದ್ದಳು, ಕರಿ ಸಾರಿನ ಹುಳಿ ಘಮ.
ತೊಳೆಯದ ಇನ್ನೊಂದು ಪಟ್ಟಿ ಬ್ಯಾಗಿನಲ್ಲಿತ್ತು.
ಅಪ್ಪನ ತಟ್ಟೆಯ ಪಕ್ಕ ಚಾಚಿ,
ಟ್ಯೂಬ್‌ಲೈಟು ಆರಿಸಿ, ದೀಪ ಹಚ್ಚಿದೆ.

ಅಪ್ಪ ಮೊದಲು ನೋಡಿದ್ದು ನೀಲಿಯನ್ನು.
"ಚೆಂದ ಇದೆ" ಎಂದರು.
ಆಮೇಲೆ ಕೈಯ ತುತ್ತನ್ನು ತಟ್ಟೆಗೆ ಇಳಿಸಿದರು.