ಬೆಳಗಿನ ಜಾವ, ಸಿದ್ದಾಪುರ

ಕೆಲಸ ಇಷ್ಟೇ. ಆನೆ ಯಾವ ತೋಟದಲ್ಲಿದೆ ಎಂದು
ಕಾವಲಿನವರು ಒತ್ತಿದ ಕೂಡಲೇ
ಮೆಸೇಜು ಹೋಗಬೇಕು:
ಲೈನ್‌ಮನೆಗಳಿಗೆ, ಶಾಲೆಯ ಜೀಪಿಗೆ, ಹಾಲಿನ ಮೊಯ್ದುವಿಗೆ.
ಟೈರ್ ಅಂಗಡಿಯ ಹಿಂದಿನ ಕೋಣೆಯಲ್ಲಿ
ನಾನು, ರಂಶೀದ್, ಗೊರಕೆ ಹೊಡೆಯುವ ಒಂದು ಯುಪಿಎಸ್.

ರಂಶೀದ್ ತಂದ ಭಾಷೆಗೆ ಇನ್ನೂ ಹಾಲುಹಲ್ಲು,
ವರ್ಷನ್ ಸೊನ್ನೆ ಪಾಯಿಂಟ್ ಮೂರು.
ಹತ್ತು ಸಾಲಿನ ಮಾತು ಅದರಲ್ಲಿ ಒಂದೇ ಸಾಲು,
ಕೆಸುವಿನೆಲೆಯ ಮೇಲೆ ನೀರು ಜಾರಿದಂತೆ.
ಸುಳ್ಳೇಕೆ, ಮೂರು ರಾತ್ರಿ ನನಗೆ ನಿದ್ದೆಯಿಲ್ಲ.
ನಲವತ್ತೊಂದರಲ್ಲಿ
ಬೆರಳುಗಳಿಗೆ ಮತ್ತೆ ಹದಿನೆಂಟು.

ರೊಬಸ್ಟಾ ಕೊಯ್ಲಿನ ಒಂದು ಸೋಮವಾರ
ಎಲ್ಲೋ ಯಾರೋ ಒಂದು ಲೈಬ್ರರಿ ಬದಲಿಸಿದರು.
ಪರದೆ ತುಂಬ ಹಸಿರು ಅಕ್ಷರ, ಎಲ್ಲ ಸರಿ, ಎಲ್ಲ ಸರಿ.
ಮೆಸೇಜು ಮಾತ್ರ ಹೋಗಲಿಲ್ಲ.
ಮಾಲ್ದಾರೆ ರಸ್ತೆಯ ತಿರುವಲ್ಲಿ ಮೊಯ್ದು
ಹಬೆಯಾಡುವ ಲದ್ದಿ ಕಂಡು
ಬೈಕು, ಹಾಲು ಅಲ್ಲೇ ಬಿಟ್ಟು ಓಡಿದ.
ಸಲಗ ಕ್ಯಾನು ತುಳಿಯಿತು. ಅಷ್ಟೇ.
ಅಷ್ಟೇ, ಅಷ್ಟೇ ಎಂದು
ಆ ವಾರವೆಲ್ಲ ಹೇಳಿಕೊಂಡೆ.

ಚಪ್ಪಟೆಯಾದ ಕ್ಯಾನು ಮೇಜಿನ ಮೇಲಿಟ್ಟ ಮೊಯ್ದು
ಬೈಯಲೂ ಇಲ್ಲ.
‘ನಿಮ್ಮದು ನಿನ್ನೆ ಮಾತಾಡಲಿಲ್ಲ’ ಅಂದ.

ಜಾವಾಕ್ಕೆ ಮರಳಿದೆ.
(ಮೊಯ್ದುವಿಗೆ ಜಾವಾ ಎಂದರೆ ಅಪ್ಪನ ಬೈಕು,
‘ಒದ್ದರೆ ಹೊರಡುತ್ತದೆ, ಒಳ್ಳೆಯದು’ ಅಂದ.)
ಬಾಗಿಲಲ್ಲೇ ಚಪ್ಪಲಿ ಬಿಡಿಸಿ, ಹೆಸರು ಮನೆತನ ಕೇಳಿ
ಆಮೇಲೆ ಒಳಗೆ ಕರೆಯುವ ಭಾಷೆ.
ಒಂದು ಮಾತಿಗೆ ಆರು ಸಾಲು ಪೀಠಿಕೆ.
ಅದೂ ತಪ್ಪುತ್ತದೆ. ಆದರೆ ಅಲ್ಲಿ
ನನಗಿಂತ ಮೊದಲೇ ಯಾರೋ ಎಡವಿ
ಕಲ್ಲಿಗೆ ಸುಣ್ಣ ಬಳಿದಿಟ್ಟಿರುತ್ತಾರೆ.

ರಂಶೀದ್ ಎರಡು ದಿನ ಮುನಿಸಿಕೊಂಡ.
‘ಚೋಂದಮ್ಮಕ್ಕಾ, ನಿಮ್ಮ ಜಾವಾವೂ ಒಂದು ಕಾಲಕ್ಕೆ
ಸೊನ್ನೆ ಪಾಯಿಂಟ್ ಏನೋ ಆಗಿತ್ತಲ್ಲ?
ಆಗ ಎಲ್ಲರೂ ನಿಮ್ಮಂತೆ ಹೆದರಿದ್ದರೆ?’
ಉತ್ತರ ಇರಲಿಲ್ಲ.

ನಕ್ಷೆಯಲ್ಲಿ ನೋಡುತ್ತೇನೆ: ಮುದಿ ಹೆಣ್ಣಾನೆ
ತನ್ನ ಅಜ್ಜಿಯ ದಾರಿ ಬಿಟ್ಟು ಕದಲುವುದಿಲ್ಲ.
ಸೋಲಾರ್ ಬೇಲಿಯ ಮೇಲೆ ಮರ ಕೆಡವಿ ದಾಟುವುದನ್ನು
ಮೊದಲು ಕಲಿತದ್ದು ಒಂಟಿ ಸಲಗ, ಮೈಯೆಲ್ಲ ಗಾಯ.
ಈ ವರ್ಷ ಆ ಕಂಡಿಯಲ್ಲೇ
ಮುದುಕಿ ಮರಿಗಳನ್ನು ದಾಟಿಸುತ್ತಿದ್ದಾಳೆ.

ಭಾನುವಾರ, ಯಾರ ಜೀವವೂ ನನ್ನ ಕೈಲಿಲ್ಲದ ಹೊತ್ತು,
ರಂಶೀದನ ಭಾಷೆ ತೆರೆದು ಕೂರುತ್ತೇನೆ.
ಸೊನ್ನೆ ಪಾಯಿಂಟ್ ಏಳು. ಹಲ್ಲು ಬಂದಿದೆ, ಕಚ್ಚುತ್ತದೆ.

ಸೋಮವಾರ ಐದು ಇಪ್ಪತ್ತಕ್ಕೆ, ಇಬ್ಬನಿಯಲ್ಲಿ,
ಮೊಯ್ದುವಿನ ಕಿಸೆ ಒಮ್ಮೆ ನಡುಗುತ್ತದೆ.
ಅವನು ಬೈಕು ತಿರುಗಿಸುತ್ತಾನೆ.