ಹಾಲಿನ ಲೆಕ್ಕ

ಗುರುವಾರ ರಾತ್ರಿ ಖುಬ್ಸ್ ಹೆತ್ತಳು, ಏಳು.
ಶನಿವಾರ ಬಾಂಗಿಗೆ ಮುಂಚೆ ಲಬಾನ್, ಐದೋ ಆರೋ.
ಹೆಸರಿಟ್ಟದ್ದು ಮಕ್ಕಳು: ರೊಟ್ಟಿ ಬಣ್ಣದವಳೊಬ್ಬಳು,
ಮಜ್ಜಿಗೆ ಬಣ್ಣದವಳೊಬ್ಬಳು.
ಈಸಾ ಟೌನಿನ ಸಂತೆಯಲ್ಲಿ ಇಲಿ ಮಾರುವವ
ಎರಡೂ ಹೆಣ್ಣೇ ಎಂದಿದ್ದ. ಸುಳ್ಳಲ್ಲ.
ಹೊಟ್ಟೆಯೊಳಗೆ ಏನಿದೆಯೆಂದು
ನಾವು ಕೇಳಲಿಲ್ಲ, ಅವನು ಹೇಳಲಿಲ್ಲ.

ಗೂಡಿಗೆಂದು ನಾನು ಕೊಟ್ಟದ್ದು
ಅಬಾಯಾ ಹೊಲಿದುಳಿದ ಕರಿ ಬಟ್ಟೆಯ ಚೂರು.
ಎಂತ ಮಾರಾಯ್ತಿ, ಎಂದಳು ರುಖಿಯಾ,
ನೂಲು ಸುತ್ತಿದರೆ ಮರಿಯ ಕಾಲೇ ಕಪ್ಪಾಗಿ ಉದುರೀತು, ತೆಗೆ.
ತೆಗೆದೆ. ಟಿಶ್ಯೂ ಹಾಕಿದೆವು.
ಸಾಲಲಿಲ್ಲವೇನೋ, ಸರಳಿನ ಸಂದಿಯಿಂದ ಖುಬ್ಸ್
ಮೈಥಿಲಿಯ ಗಣಿತದ ಪುಸ್ತಕದ ಒಂದು ಮೂಲೆ
ಎಳೆದುಕೊಂಡಳು, ಏಳರ ಮಗ್ಗಿಯ ಸಮೇತ.

ಮುಟ್ಟಬೇಡಿ. ಅತ್ತರಿನ ಕೈ ಹತ್ತಿರವೂ ಬೇಡ.
ಎ.ಸಿ.ಯ ಗಾಳಿಗೆ ಒಂದು ರಟ್ಟು ಅಡ್ಡ ಇಡಿ.
ಹೊರಗೆ ನಲವತ್ತಾರು, ಒಳಗೆ ಇಪ್ಪತ್ತು,
ಬತ್ತಲೆ ಮರಿಗೆ ಎರಡೂ ಒಂದೇ.
ಮುಹರ್ರಕ್‌ನಲ್ಲಿ ವಿಮಾನ ಇಳಿಯುವುದು ನೆತ್ತಿಯ ಮೇಲೆಯೇ,
ಕಿಟಕಿ ಹಲ್ಲು ಕಡಿಯುತ್ತದೆ;
ಪ್ರತಿ ಸಲವೂ ಖುಬ್ಸ್ ಕಿವಿ ನೆಟ್ಟಗೆ ಮಾಡಿ
ಮರಿಗಳ ಮೇಲೆ ತನ್ನನ್ನೇ ಹರಡಿಕೊಳ್ಳುತ್ತಾಳೆ,
ಗಿಡ್ಡವೆಂದು ಗೊತ್ತಿದ್ದೂ ಹೊದಿಕೆ ಎಳೆಯುವವರ ಹಾಗೆ.

ಮರಿಯೆಂದರೆ ನೆನೆಸಿಟ್ಟ ನೆಲಗಡಲೆಯಷ್ಟು.
ಕಣ್ಣು ಇನ್ನೂ ಚರ್ಮದ ಕೆಳಗಿನ ಮಸಿ.
ಕುಡಿದ ಹಾಲು ಹೊರಗೇ ಕಾಣುತ್ತದೆ,
ಪಕ್ಕೆಯಲ್ಲಿ ಒಂದು ಬಿಳಿ ಅಕ್ಕಿಕಾಳು.
ಟಾರ್ಚಿಗೆ ಚಾಕಲೇಟಿನ ಕೆಂಪು ಹಾಳೆ ಸುತ್ತಿ
ರುಖಿಯಾ ಒಂದೊಂದೇ ನೋಡುತ್ತಾಳೆ:
ಕಾಳಿದೆ. ಇದಕ್ಕೂ ಇದೆ. ಇದಕ್ಕೆ...
ಇರು, ಇದೆ.

ನಾಲ್ಕನೆಯ ದಿನ ಲಬಾನಳ ಮೂಲೆ ಖಾಲಿ.
ತಿಂದಳು ಎಂದ ಮುಂಝಿರ್, ಅಳುವ ಮೊದಲೇ ಬಿಕ್ಕುತ್ತ.
ತಿಂದಿರಲಿಲ್ಲ. ರಾತ್ರಿಯಿಡೀ ಬಾಯಲ್ಲಿ ಕಚ್ಚಿ
ಅವಳ ಗೂಡಿಗೆ ಸಾಗಿಸಿದ್ದಳು.
ಈಗ ಒಂದೇ ಗುಪ್ಪೆ. ಇವಳ ತಲೆಯ ಕಡೆ ಅವಳ ಬಾಲ,
ನಡುವೆ ಅಂಗುಲ ಅಂಗುಲ ಉಸಿರು.
ನಮ್ಮದು ಯಾವುದು, ನಿಮ್ಮದು ಯಾವುದು
ಎಂದು ಮಕ್ಕಳು ಜಗಳಕ್ಕೆ ನಿಂತರು.
ಎಣಿಸಿದೆವು: ಹನ್ನೊಂದು. ಮತ್ತೆ ಹನ್ನೆರಡು. ಮತ್ತೆ ಹನ್ನೊಂದು.
ಮೊದಲೇ ಸರಿಯಾಗಿ ಎಣಿಸಿರಲಿಲ್ಲವಲ್ಲ,
ಅಷ್ಟಕ್ಕೇ ಬಿಟ್ಟೆವು.

ಹರೀಸಿನ ತಟ್ಟೆ ಹಿಡಿದು ಇಳಿದು ಬಂದ ಉಮ್ ಜಾಸಿಂ
ಬಗ್ಗಿ ನೋಡಿ ತೊಡೆ ತಟ್ಟಿಕೊಂಡಳು:
ಖಲಾಸ್! ಎಲ್ಲ ಹಾಲಿನ ಒಡಹುಟ್ಟು.
ಐದು ಸಲ ಕುಡಿದರೆ ಸಾಕು,
ಒಂದಕ್ಕೊಂದು ಇನ್ನು ಮದುವೆ ಕೂಡದು.

ನಕ್ಕೆವು. ನಡುವೆಯೇ ನಗು ನಿಂತಿತು, ಇಬ್ಬರದೂ.

ಎಂಟು ವರ್ಷದ ಹಿಂದೆ ಸಲ್ಮಾನಿಯಾದಲ್ಲಿ ನಾನು,
ಹತ್ತೊಂಬತ್ತು ದಿನ, ಜ್ವರ, ಎದೆಗೆ ಹೊಲಿಗೆ.
ಇದೇ ಮನೆ, ಇದೇ ಪರದೆ.
ಮೂರು ತಿಂಗಳ ಮುಂಝಿರ್ ಒಂದು ಕಡೆ,
ಇನ್ನೊಂದು ಕಡೆಗೆ ಅವಳು ಎತ್ತಿಕೊಂಡದ್ದು
ಹೆಸರಿಡದ ನನ್ನ ಮಗಳನ್ನು.
ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.
ಐದು ದಾಟಿತ್ತು ಮೊದಲ ರಾತ್ರಿಯೇ.
ಗಂಗೊಳ್ಳಿಗೆ ಫೋನಿನಲ್ಲಿ ಅತ್ತೆಗೆ
ಡಬ್ಬಿ ಹಾಲು ಎಂದೆ.
ಇವತ್ತಿಗೂ ಡಬ್ಬಿ ಹಾಲೇ.
ಯಾವ ಡಬ್ಬಿಯೋ, ಹುಡುಗಿ ಗಟ್ಟಿಯಾಗಿದ್ದಾಳೆ
ಎನ್ನುತ್ತಾರೆ ಅತ್ತೆ, ಪ್ರತಿ ರಜೆಯಲ್ಲೂ.

ಸಂಜೆ ರುಖಿಯಾ ಬೇಯಿಸಿದ ಮೊಟ್ಟೆ ಮುರಿದು
ಇಬ್ಬರು ಬಾಣಂತಿಯರಿಗೂ ಇಟ್ಟಳು, ಸಮ ಪಾಲು.
ಹಾಲೂಡುವವಳಿಗೆ ಎಂಥ ದಾಹ!
ಇಡೀ ರಾತ್ರಿ ನೀರಿನ ಬಾಟಲಿಯ ಗುಂಡು
ಟಿಕ್, ಟಿಕ್, ನಿಂತು, ಮತ್ತೆ ಟಿಕ್.
ಎದ್ದಿರುವವಳು ಯಾವಳೆಂದು ನೋಡಲು
ಕತ್ತಲೆಯಲ್ಲಿ ಎದ್ದು ಬಂದೆ.
ಪರದೆಯ ಆಚೆಯಿಂದ
ರುಖಿಯಾಳೂ ಎದ್ದು ಬಂದಿದ್ದಳು,
ಟಾರ್ಚು ಹಚ್ಚದೆ.